ಉಚ್ಚಂಗಮ್ಮನ ಗಿಟಾರಿನೊಳಗೆ ವಜ್ರ

ಬೆಳಗಿನ ಜಾವ ಐದು ಗಂಟೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಉಚ್ಚಂಗಮ್ಮ ವಜ್ರ ಕುದಿಸುತ್ತಿದ್ದಾರೆ.

ಮನೆಯ ಹಿಂದಿನ ತಗಡಿನ ಶೆಡ್ಡು. ಮೂರು ಕಲ್ಲಿನ ಒಲೆಯ ಮೇಲೆ ನೀರು ತುಂಬಿದ ದೊಡ್ಡ ಪಾತ್ರೆ, ಆ ನೀರಿನಲ್ಲಿ ಕುತ್ತಿಗೆಮಟ್ಟ ಕೂತ ಇನ್ನೊಂದು ಸಣ್ಣ ತಾಮ್ರದ ಪಾತ್ರೆ. ಅದರೊಳಗೆ ಜೇನಿನ ಬಣ್ಣದ ಗಟ್ಟಿ ದ್ರವ. ಅದರಿಂದ ಏಳುವ ವಾಸನೆ ಎಂಥದ್ದೆಂದು ಬರೆದು ತಿಳಿಸುವುದು ಕಷ್ಟ. ಮೊದಲ ಸಲ ಬಂದವರು ಬೆಚ್ಚಿಬಿದ್ದು ಬಾಗಿಲಲ್ಲೇ ನಿಂತುಬಿಡುತ್ತಾರೆ. ಉಚ್ಚಂಗಮ್ಮ ತಿರುಗಿ ನೋಡದೆ ಕೈಯಾಡಿಸುತ್ತಲೇ ಹೇಳುತ್ತಾರೆ: ‘ಬರ್ರಿ, ಕುಂತ್ಕಳ್ರಿ. ಮೂಗು ಮುಚ್ಕಬ್ಯಾಡ್ರಿ, ಮುಚ್ಕಂಡ್ರೆ ಬಿಟ್ಟಾಗೆಲ್ಲ ಹೊಸದಾಗಿ ಬಡೀತೈತೆ. ಐದು ನಿಮಿಷ ತಡಕಳ್ರಿ, ಮೂಗೇ ಸೋತು ಸುಮ್ನಾಗ್ತೈತೆ.’

ಈ ವಜ್ರ ಹರಳಲ್ಲ, ಅಂಟು. ಕುರಿಯ ಚರ್ಮದ ತುಣುಕುಗಳಿಂದ ತೆಗೆಯುವ ಅಂಟಿಗೆ ಬಡಗಿಗಳ ಹಳೆಯ ಮಾತಿನಲ್ಲಿ ಮರವಜ್ರ ಎನ್ನುತ್ತಿದ್ದರು. ಅದೇ ಬಾಯಲ್ಲಿ ಸವೆದು ವಜ್ರವಾಯಿತು. ಅಂಗಡಿಯ ಬಿಳಿ ಗಮ್ಮು ಡಬ್ಬಿಯಲ್ಲಿ ಬರತೊಡಗಿದ ಮೇಲೆ ಅಂಟೂ ಹೋಯಿತು, ಹೆಸರೂ ಹೋಯಿತು. ಉಚ್ಚಂಗಮ್ಮನ ಗಂಡ ಪಾಪಣ್ಣ ಅರವತ್ತು ಕುರಿ ಮೇಯಿಸುವವರು. ಅವರಿಗೆ ಈ ಹೆಸರು ಇಂದಿಗೂ ತಮಾಷೆ. ‘ಚರ್ಮ ಕುರೀದು, ಹೆಸರು ವಜ್ರದ್ದು. ನಮ್ ಕುರೀಗೆ ಈ ಮರ್ವಾದೆ ಗೊತ್ತೇ ಇಲ್ಲ ನೋಡ್ರಿ’ ಎನ್ನುತ್ತಾ ಕೋಲು ಹೆಗಲಿಗೇರಿಸಿ ಹೊರಡುತ್ತಾರೆ.

ಉಚ್ಚಂಗಮ್ಮನಿಗೆ ಈಗ ಐವತ್ನಾಲ್ಕು. ಈ ಶೆಡ್ಡಿನಲ್ಲಿ ಅವರು ತಂಬೂರಿ, ಏಕತಾರಿ ಮಾಡುತ್ತಾರೆ. ಹೊರಕೆರೆದೇವಪುರ, ಹೊಸದುರ್ಗ, ಹಿರಿಯೂರಿನ ಭಜನಾ ಮಂಡಳಿಗಳಲ್ಲಿ ಸದ್ದು ಮಾಡುವ ತಂಬೂರಿಗಳಲ್ಲಿ ನಲವತ್ತಕ್ಕೂ ಹೆಚ್ಚು ಅವರ ಕೈಯವು. ಬಾರಿಸುವವರಿಗೆ ಅವರ ಹೆಸರು ಗೊತ್ತಿಲ್ಲ. ವಾದ್ಯದ ಮೇಲೆ ಅವರು ಎಲ್ಲೂ ಬರೆದಿಲ್ಲ. ಇದೇ ಕೈಗಳು ನಾಲ್ಕು ವರ್ಷದಿಂದ ಗಿಟಾರು ಮಾಡುತ್ತಿವೆ, ಅದರಲ್ಲೂ ಸ್ಪೇನ್ ದೇಶದ ಫ್ಲಮೆಂಕೊ ಎಂಬ ವಾದನ ಶೈಲಿಗೆ ಬೇಕಾದ ಗಿಟಾರು ಮಾಡುತ್ತಿವೆ ಎಂದರೆ ಪಕ್ಕದ ಓಣಿಯವರೇ ನಂಬುವುದಿಲ್ಲ.

ಜಾವದಲ್ಲೇ ಯಾಕೆ ಕುದಿಸುತ್ತಾರೆ ಎಂದರೆ ಅಕ್ಕಪಕ್ಕದವರು ಏಳುವಷ್ಟರಲ್ಲಿ ವಾಸನೆ ಹೋಗಿರಬೇಕು. ಹಿಂದೊಮ್ಮೆ ಹಗಲಲ್ಲಿ ಕುದಿಸಿದಾಗ ಎದುರು ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದರಂತೆ. ಅಂದಿನಿಂದ ಬಾಗಿಲು ಹಾಕಿಕೊಂಡು, ಜಾವದಲ್ಲಿ, ಸದ್ದಿಲ್ಲದೆ. ಈ ಗುಟ್ಟಿನ ಕೆಲಸವೇ ಮುಂದೆ ಎಂಥ ಅನಾಹುತಕ್ಕೆ ದಾರಿಯಾಯಿತು ಎಂಬುದನ್ನು ಉಚ್ಚಂಗಮ್ಮ ಈಗಲೂ ಮರೆತಿಲ್ಲ.

ಕುದಿಸುವುದು ಎಂಬುದೂ ಬಾಯಿಮಾತೇ. ಸುಣ್ಣದ ನೀರಿನಲ್ಲಿ ಚರ್ಮ ನೆನೆಹಾಕಿ, ಕೂದಲು ಕೆರೆದು, ತೊಳೆದು, ನಡುರಾತ್ರಿಯೇ ಒಲೆ ಹಚ್ಚಿ ಸಣ್ಣ ಉರಿಯಲ್ಲಿ ಐದಾರು ತಾಸು ಇಡುತ್ತಾರೆ. ನಿಜಕ್ಕೂ ಕುದಿ ಬಂದರೆ ವಜ್ರ ಕೆಟ್ಟಿತು. ಸೋಸಿ, ಹೆಪ್ಪುಗಟ್ಟಿಸಿ, ಕೊಯ್ದು ನೆರಳಲ್ಲಿ ಒಣಗಿಸಿದರೆ ಹಳದಿ ಗಾಜಿನಂಥ ಚೂರುಗಳಾಗುತ್ತವೆ. ಬೇಕಾದಾಗ ಆ ಚೂರುಗಳನ್ನು ನೆನೆಸಿ ಮತ್ತೆ ಬೆಚ್ಚಗೆ ಮಾಡಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಟ್ಟರೆ ಸಕ್ಕರೆ ಪಾಕದ ಹಾಗೆ ಎಳೆ ಬರಬೇಕು. ಎಳೆ ಬಂದ ಮೇಲೆ ಮರಕ್ಕೆ ಸವರಿ ಕೂಡಿಸುವುದಕ್ಕೆ ಸಿಗುವುದು ಹತ್ತು ಹನ್ನೆರಡು ಉಸಿರಿನಷ್ಟು ಹೊತ್ತು. ಅಷ್ಟರೊಳಗೆ ಕೂಡಿದರೆ ಕೂಡಿತು, ಇಲ್ಲದಿದ್ದರೆ ಒರೆಸಿ ಮೊದಲಿನಿಂದ ಶುರು.

ಅದಕ್ಕೂ ಕಾಲವಿದೆ. ಮಳೆಗಾಲದಲ್ಲಿ ಉಚ್ಚಂಗಮ್ಮ ಅಂಟಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಶೆಡ್ಡಿಗೆ ಬೇವಿನ ಬಾಗಿಲಿದೆ. ಮಳೆಗಾಲದಲ್ಲಿ ಅದು ಉಬ್ಬಿ, ಭುಜ ಕೊಟ್ಟು ನೂಕಿದರೂ ಜಗ್ಗುವುದಿಲ್ಲ. ‘ಶಿವರಾತ್ರಿ ಕಳೀಲಿ, ಬಾಗ್ಲು ತಾನಾಗೇ ಆಡಾಕೆ ಶುರುವಾಗ್ತೈತೆ. ಆವಾಗ ಮರನೂ ಒಣಗಿರ್ತೈತೆ, ಗಾಳೀನೂ ಒಣಗಿರ್ತೈತೆ. ಅಲ್ಲೀತನಕ ಬರೀ ಕೆತ್ತೋದು, ಉಜ್ಜೋದು’ ಎನ್ನುತ್ತಾರೆ. ವರ್ಷಕ್ಕೆ ಹತ್ತು ಹನ್ನೆರಡು ತಂಬೂರಿ, ಒಂದೋ ಎರಡೋ ಗಿಟಾರು. ಅದಕ್ಕಿಂತ ಹೆಚ್ಚು ಆಗುವುದೂ ಇಲ್ಲ, ಆಗಲಿ ಎಂಬ ಆಸೆಯೂ ಅವರಿಗಿಲ್ಲ.

ವಿದ್ಯೆ ಅಪ್ಪನದು. ಚಿಕ್ಕತಿಮ್ಮಪ್ಪ ಕುರಿ ಮೇಯಿಸುತ್ತಲೇ ತಂಬೂರಿ ಮಾಡುವುದನ್ನು ಕಲಿತವರು. ಹೆಣ್ಣುಮಗಳ ಕೈಗೆ ಉಳಿ ಕೊಡಲಿಲ್ಲ, ವಜ್ರದ ಸಟ್ಟುಗ ಕೊಟ್ಟರು. ಒಂಬತ್ತನೇ ವಯಸ್ಸಿನಿಂದ ಉಚ್ಚಂಗಮ್ಮ ಕೈಯಾಡಿಸಿದ್ದೇ ಆಡಿಸಿದ್ದು. ಇದೇ ಊರಲ್ಲಿ ಮದುವೆಯಾದದ್ದರಿಂದ ಆಮೇಲೂ ಸಟ್ಟುಗ ಬಿಡಲಿಲ್ಲ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಉಳಿ ತಾನಾಗಿ ಇವರ ಕೈಗೆ ಬಂತು.

ಚಿಕ್ಕತಿಮ್ಮಪ್ಪನವರಿಗೆ ಒಂದು ಪದ್ಧತಿ ಇತ್ತು. ಪ್ರತಿ ಪಾಕದ ವಜ್ರದಿಂದಲೂ ಎರಡು ಚೂರು ಮರ ಅಂಟಿಸಿಡಬೇಕು. ಎರಡು ದಿನ ಬಿಟ್ಟು ಅದನ್ನು ಕಲ್ಲಿನ ಮೇಲಿಟ್ಟು ಕೊಡತಿ ಎಂಬ ಮರದ ಸುತ್ತಿಗೆಯಿಂದ ಬಲವಾಗಿ ಬಾರಿಸುವರು. ಬೆಸುಗೆ ಬಿಟ್ಟರೆ ಆ ಪಾಕ ಪೂರ್ತಿ ತಿಪ್ಪೆಗೆ. ಬೆಸುಗೆ ನಿಂತು ಪಕ್ಕದ ಮರವೇ ಸೀಳಿದರೆ ಪಾಕ ಸರಿ ಎಂದರ್ಥ. ಬಿಟ್ಟಾಗ ‘ಬಿಡ್ತು’ ಎನ್ನುವರು. ಹಿಡಿದಾಗ ಏನೂ ಅನ್ನುವುದಿಲ್ಲ, ಎದ್ದುಹೋಗುವರು. ಮಗಳಿಗೆ ಅಪ್ಪನ ಬಾಯಿಂದ ‘ಹಿಡೀತು’ ಎಂಬ ಮಾತು ಒಮ್ಮೆಯೂ ಸಿಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದಾಗ ಉಚ್ಚಂಗಮ್ಮ ಒಬ್ಬರೇ ಪಾಕ ತೆಗೆದು, ಚೂರು ಅಂಟಿಸಿ, ಮಂಚದ ಬಳಿ ತಂದರು. ಕಲ್ಲು ಇಟ್ಟು, ಅಪ್ಪನ ಕೈಗೆ ಕೊಡತಿ ಕೊಟ್ಟರು. ಅಪ್ಪ ಚೂರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಬೆಸುಗೆಯ ಮೇಲೆ ಉಗುರು ಎಳೆದರು, ಕೊಡತಿಯನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ಹೊರಳಿದರು. ನಾಲ್ಕನೆಯ ದಿನ ತೀರಿಕೊಂಡರು. ಆ ಚೂರು ಈಗಲೂ ಶೆಡ್ಡಿನ ಗೂಡಿನಲ್ಲಿದೆ. ಅದನ್ನು ಹೊಡೆದು ನೋಡುವ ಧೈರ್ಯ ಉಚ್ಚಂಗಮ್ಮನಿಗೆ ಬರಲಿಲ್ಲ. ಆಮೇಲೆ ಬೇರೆ ಚೂರು ಅಂಟಿಸಿ ಪರೀಕ್ಷೆ ಮಾಡುವುದನ್ನೂ ಬಿಟ್ಟರು. ‘ಹೊಡೆಯೋದು ಅಪ್ಪನ ಕೆಲ್ಸ. ನಾನೇ ಅಂಟಿಸಿ ನಾನೇ ಹೊಡದ್ರೆ ಕೈ ತಾನಾಗೇ ಮೆತ್ತಗಾಗ್ತೈತೆ’ ಎಂಬುದು ಅವರ ಸಮಜಾಯಿಷಿ. ಹಾಗಾಗಿ ತನ್ನ ವಜ್ರ ಹಿಡಿಯುತ್ತದೋ ಇಲ್ಲವೋ ಎಂಬ ಅನುಮಾನ ಮನಸ್ಸಿನ ಮೂಲೆಯಲ್ಲಿ ಉಳಿದೇಹೋಯಿತು. ತಂಬೂರಿಯನ್ನು ಯಾರೂ ಹೊಡೆಯುವುದಿಲ್ಲವಲ್ಲ, ನಡೆದುಕೊಂಡು ಹೋಯಿತು.

ಹೊಡೆಯುವವರೂ ಬಂದರು. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಬೃಂದಾ ಮೂವತ್ತೊಂದರ ಹೆಣ್ಣುಮಗಳು, ಮಕ್ಕಳಿಗೆ ಗಿಟಾರು ಕಲಿಸುತ್ತಾರೆ. ಕಾಲೇಜಿನಲ್ಲಿದ್ದಾಗ ಫ್ಲಮೆಂಕೊ ಕೇಳಿ ಹುಚ್ಚು ಹತ್ತಿಸಿಕೊಂಡು ಅದನ್ನೇ ಅಭ್ಯಾಸ ಮಾಡಿದವರು. ಚಿತ್ರದುರ್ಗದ ಒಣಗಾಳಿಗೆ ಅವರ ಗಿಟಾರಿನ ಮುಖದ ಹಲಗೆ ಉದ್ದಕ್ಕೆ ಬಿರಿಯಿತು. ತಾಯಿಯ ಭಜನಾ ಮಂಡಳಿಯವರು ಹೇಳಿದ ಗುರುತು ಹಿಡಿದು ಬಿ.ದುರ್ಗಕ್ಕೆ ಬಂದರು. ಉಚ್ಚಂಗಮ್ಮ ಬಿರುಕು ಕೂಡಿಸಿಕೊಟ್ಟರು. ಸರಿಯಾಗಿದೆಯೇ ನೋಡಲು ಬೃಂದಾ ಅಲ್ಲೇ ಕೂತು ನುಡಿಸಿದರು.

ನುಡಿಸುತ್ತ ನುಡಿಸುತ್ತ, ಈಗ ತಾನೇ ಕೂಡಿಸಿದ ಹಲಗೆಯ ಮೇಲೆ ಉಗುರಿನಿಂದ ಟಕ್ ಎಂದು ಬಡಿದರು. ಮತ್ತೆ ಬಡಿದರು. ಉಚ್ಚಂಗಮ್ಮ ಬೆಚ್ಚಿ ಎದ್ದುನಿಂತು ಅವರ ಕೈ ಹಿಡಿದುಕೊಂಡರು. ‘ಹಾಡೋದನ್ನ ಯಾರಾದ್ರೂ ಹೊಡೀತಾರಾ? ಡೊಳ್ಳಾದ್ರೆ ಹೊಡೀರಿ. ತಂತಿ ಕಟ್ಟಿದ್ದನ್ನ ನಾವು ಕಾಲು ಸಹ ಸೋಕಸಲ್ಲ’ ಎಂದು ಈಗ ನಗುತ್ತಾರೆ. ಬೃಂದಾ ತಾಳ್ಮೆಯಿಂದ ತಿಳಿಸಿ ಹೇಳಿದರು. ಆ ಬಡಿತ ಸಿಟ್ಟಿನದಲ್ಲ, ತಾಳದ್ದು. ಫ್ಲಮೆಂಕೊದಲ್ಲಿ ಗಿಟಾರು ಹಾಡಲೂ ಬೇಕು, ಡೊಳ್ಳಿನ ಕೆಲಸವನ್ನೂ ಮಾಡಬೇಕು. ಹೀಗೆ ಹೊಡೆಸಿಕೊಂಡೇ ಬಾಳುವ ವಾದ್ಯವೊಂದು ಲೋಕದಲ್ಲಿದೆ ಎಂದು ಉಚ್ಚಂಗಮ್ಮನಿಗೆ ಗೊತ್ತಾದದ್ದು ಅಂದು.

ಹಳೆಯದು ಹೆಚ್ಚು ದಿನ ಬಾಳುವುದಿಲ್ಲ, ಹೊಸದು ಬೇಕು ಎಂದು ಬೃಂದಾ ಬೆಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿ ಬಂದಿದ್ದರು. ಅವರು ಆರಿಸುವ ರೀತಿ ನೋಡಿದರೆ ಅಂಗಡಿಯವರಿಗೆ ತಲೆನೋವು. ಮೊದಲು ಒಂದೇ ಕೈಯಲ್ಲಿ ಎತ್ತಿ ನೋಡುತ್ತಾರೆ, ಹಗುರ ಇಲ್ಲದಿದ್ದರೆ ತಂತಿ ಮುಟ್ಟುವುದೇ ಇಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ಮುಖ, ಬೆನ್ನು, ಪಕ್ಕ ಎಲ್ಲಾ ತಟ್ಟುತ್ತಾರೆ. ತಂತಿ ಬೆರಳೊತ್ತುವ ಪಟ್ಟಿಗೆ ಎಷ್ಟು ಹತ್ತಿರ ಇದೆ ಎಂದು ಕಣ್ಣು ಕಿರಿದುಮಾಡಿ ನೋಡುತ್ತಾರೆ. ತಂತಿ ಪಟ್ಟಿಗೆ ಸ್ವಲ್ಪ ತಾಗಿ ಝಿಂಯ್ ಎಂದರೂ ಪರವಾಗಿಲ್ಲ. ಕೊನೆಗೆ ಒಂದು ಮೀಟು. ದನಿ ಚಿಮ್ಮಿ ಬಂದು ಅಷ್ಟೇ ಬೇಗ ಆರಬೇಕು. ‘ನೀವೇ ಒಂದು ಮಾಡಿಕೊಡಿ, ಉಚ್ಚಂಗಮ್ಮನವರೇ. ನೀವು ಕೂಡಿಸಿದ ಬಿರುಕು ಇನ್ನೂ ಬಿಟ್ಟಿಲ್ಲ’ ಎಂದು ಬೃಂದಾ ಕೇಳಿದಾಗ ಉಚ್ಚಂಗಮ್ಮನಿಗೆ ಮೊದಲು ಹೊಳೆದದ್ದು ಗೂಡಿನಲ್ಲಿದ್ದ ಚೂರು. ಹೊಡೆಯುವ ವಾದ್ಯ ಎಂದರೆ ದಿನಾ ಪರೀಕ್ಷೆ. ಒಪ್ಪಲು ಎಂಟು ದಿನ ತೆಗೆದುಕೊಂಡರು.

ಮೊದಲನೆಯದು ಸೋತಿತು. ತಂಬೂರಿ ಮಾಡಿ ಪಳಗಿದ ಕೈಯಲ್ಲವೇ, ದನಿ ಎಷ್ಟು ಹೊತ್ತು ನಿಂತರೆ ಅಷ್ಟು ಚೆಂದ ಎಂದುಕೊಂಡು ಹಲಸಿನ ಮರದಲ್ಲಿ ದಪ್ಪಗೆ ಮಾಡಿದ್ದರು. ಬೃಂದಾ ಮೀಟಿದರು. ಗುಂಯ್ ಎಂದದ್ದು ನಿಲ್ಲಲೇ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಇದು ಆರು ತಂತಿ ತಂಬೂರಿ ಆಯ್ತು’ ಎಂದು ಉಚ್ಚಂಗಮ್ಮನೇ ತೀರ್ಪು ಕೊಟ್ಟರು. ಅದು ಹೊರಕೆರೆದೇವಪುರದ ಭಜನೆಯವರ ಪಾಲಾಗಿ, ಅಲ್ಲಿ ಹಾಡುಗಾರರು ಅದನ್ನು ಬಲು ಮೆಚ್ಚಿಕೊಂಡಿದ್ದಾರೆ. ಎರಡನೆಯದು ಅತಿ ತೆಳುವಾಗಿ, ತಂತಿಯ ಎಳೆತಕ್ಕೆ ಹೊಟ್ಟೆ ಒಳಗೆ ಹೋಯಿತು. ಮೂರನೆಯದಕ್ಕೆ ಬೆನ್ನು ಪಕ್ಕಗಳನ್ನು ಶಿವನೆ ಮರದಲ್ಲಿ ಮಾಡಿದರು. ಡೊಳ್ಳಿಗೆ ಬಳಸುವ, ಬೆಳ್ಳಗಿನ ಹಗುರ ಮರ ಅದು. ಮುಖಕ್ಕೆ ಬೇಕಾದ ಹೊರದೇಶದ ಹಲಗೆಯನ್ನು ಬೃಂದಾ ಎರಡು ಜೊತೆ ತರಿಸಿಕೊಟ್ಟಿದ್ದರು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಕಾದ ಕಬ್ಬಿಣದ ಕೊಳವೆಗೆ ಒತ್ತಿ ಪಕ್ಕಗಳನ್ನು ಬಳುಕಿಸಿ, ಒಳಗಿನ ಪಟ್ಟಿಗಳನ್ನೆಲ್ಲ ವಜ್ರದಿಂದ ಕೂಡಿಸಿ ಮುಗಿಸುವಷ್ಟರಲ್ಲಿ ಕಳೆದ ವರ್ಷದ ಮಾರ್ಚ್ ತಿಂಗಳು ಬಂದಿತ್ತು. ಇಡೀ ಗಿಟಾರು ಒಂದೂಕಾಲು ಕಿಲೋ ತೂಗಿತು.

ಆ ಹೊತ್ತಿಗೆ ಬೃಂದಾ ಅವರ ಕೈಯಲ್ಲಿ ಇನ್ನೊಂದು ಗಿಟಾರೂ ಇತ್ತು. ಬೆಂಗಳೂರಿನ ಅಂಗಡಿಯವರು ಹದಿನೈದು ದಿನ ನುಡಿಸಿ ನೋಡಿ ಎಂದು ಕೊಟ್ಟ ವಿದೇಶದ ಮಾಲು. ಭಾನುವಾರಕ್ಕೆ ಹದಿನೈದು ದಿನ ಮುಗಿಯುತ್ತಿತ್ತು. ಇಟ್ಟುಕೊಳ್ಳುವುದೋ ತಿರುಗಿಸುವುದೋ ಅಂದೇ ಹೇಳಬೇಕು. ಏಪ್ರಿಲ್‌ನಲ್ಲಿ ಚಿತ್ರದುರ್ಗದಲ್ಲಿ ಅವರ ಮೊದಲ ದೊಡ್ಡ ಕಛೇರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಶನಿವಾರ ಒಂದನ್ನು ಆರಿಸುವುದೆಂದು ಮಾತಾಗಿತ್ತು.

ಶನಿವಾರ ಬೆಳಗ್ಗೆ ಉಚ್ಚಂಗಮ್ಮ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ, ಮೈದುನ ಶಿವರಾಜ್ ಅವರ ಗೂಡ್ಸ್ ಆಟೊದಲ್ಲಿ ಇಟ್ಟರು. ನಲವತ್ತು ದಾಟಿದ ಶಿವರಾಜ್ ಹೊಳಲ್ಕೆರೆಯಲ್ಲಿ ಸಂಸಾರ ಹೂಡಿದವರು, ಅಣ್ಣನೆಂದರೆ ಪ್ರಾಣ. ಅವರ ಎದುರಿಗೇ ಉಚ್ಚಂಗಮ್ಮ ಫೋನಿನ ಸ್ಪೀಕರ್ ಹಾಕಿಕೊಂಡು ಬೃಂದಾ ಜೊತೆ ಮಾತಾಡಿದರು. ‘ಬೃಂದಮ್ಮ, ನಮ್ ಶಿವರಾಜನ ಕೈಯಾಗೆ ಕಳಿಸ್ತಿದೀನಿ. ಜ್ವಾಪಾನ ಕಣಮ್ಮ, ಒಳಗೆಲ್ಲ ವಜ್ರ ಐತೆ. ಮೂಲೆಮೂಲೇಗೂ ಹಾಕೀನಿ. ನಮ್ ಅಪ್ಪನ ಕಡೆಯಿಂದ ಬಂದ ವಜ್ರ, ಈಗ ಎಲ್ಲೂ ಸಿಗಲ್ಲ.’

ಶಿವರಾಜ್ ಕೇಳಿಸಿಕೊಂಡರು. ಅತ್ತಿಗೆ ಏನೋ ಗಮ್ಮು ಕಾಯಿಸುತ್ತಾರೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು, ಆ ಗಮ್ಮಿನ ಹೆಸರು ಗೊತ್ತಿರಲಿಲ್ಲ. ಆಟೊ ಓಡಿಸುತ್ತ ಓಡಿಸುತ್ತ ಅವರ ತಲೆ ಓಡಿತು. ಜಾವದಲ್ಲಿ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಸಾಯುವ ಹೊತ್ತಿಗೆ ಅಪ್ಪನ ಮಂಚದ ಬಳಿ ಇದ್ದದ್ದು ಮಗಳೊಬ್ಬಳೇ. ಈಗ ವಾದ್ಯದ ಹೊಟ್ಟೆಯಲ್ಲಿಟ್ಟು ಚಿತ್ರದುರ್ಗದ ಹೆಂಗಸಿಗೆ ರವಾನೆ. ಪಾಪದ ಅಣ್ಣನಿಗೆ ಇದರ ಸುಳಿವೇ ಇಲ್ಲ. ಹೊಳಲ್ಕೆರೆ ದಾಟಿ ಒಂದು ಹುಣಸೆಮರದ ನೆರಳಿಗೆ ಆಟೊ ನಿಲ್ಲಿಸಿ, ಕಂಬಳಿ ಬಿಚ್ಚಿ, ಗಿಟಾರಿನ ಕಂಡಿಯೊಳಗೆ ಮೊಬೈಲ್ ಟಾರ್ಚು ಬಿಟ್ಟರು.

ಬಿಟ್ಟವರು ದಂಗಾದರು. ಒಳಗೆ ಸಾಲಾಗಿ ಹಳದಿ ಹರಳುಗಳು ಥಳಥಳ ಹೊಳೆಯುತ್ತಿದ್ದವು.

ಅಂಟಿಸುವಾಗ ಬೆಸುಗೆಯಿಂದ ಹೊರಬಂದು, ಒಣಗಿ ಗಾಜಿನಂತಾದ ವಜ್ರದ ಹನಿಗಳು ಅವು. ಶಿವರಾಜ್ ಅವರಿಗೆ ಆ ಯೋಚನೆ ಬರಲಿಲ್ಲ. ಕೈ ಬಿಟ್ಟು ಎಳೆದರು, ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರು, ಮುಖದ ಹಲಗೆ ಚರ್ರೆಂದು ಸೀಳಿತು. ಒಮ್ಮೆ ಸೀಳಿದ ಮೇಲೆ ಅರ್ಧಕ್ಕೆ ಬಿಡುವುದು ಹೇಗೆ ಎಂದುಕೊಂಡು ಜಾಕಿನ ರಾಡು ತೆಗೆದರು. ಮುಕ್ಕಾಲು ಗಂಟೆ ಬೆವರು ಸುರಿಸಿದ ಮೇಲೆ ಒಂದೇ ಒಂದು ಹರಳು, ಅದೂ ಮರದ ಸೀಳಿನ ಸಮೇತ ಕೈಗೆ ಬಂತು. ಧೂಳು ಹೋಗಲಿ ಎಂದು ಅದನ್ನು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹರಳು ಮೆತ್ತಗಾಗಿ ಅಂಗುಳಿಗೆ ಅಂಟಿಕೊಂಡಿತು, ಬಾಯಿ ತುಂಬ ಹಳೆಯ ಕುರಿಚರ್ಮದ ರುಚಿ.

ಮಧ್ಯಾಹ್ನ ಎರಡರ ಹೊತ್ತಿಗೆ ಆಟೊ ಬಿ.ದುರ್ಗಕ್ಕೆ ವಾಪಸು ಬಂತು. ಶಿವರಾಜ್ ಕಂಬಳಿಯ ಗಂಟನ್ನು ಅತ್ತಿಗೆಯ ಮುಂದಿಟ್ಟು ನೆಲದ ಮೇಲೆ ಕೂತರು.

‘ಅತ್ತಿಗೆ, ಎಲ್ಲಾ ಬಿಚ್ಚಿ ನೋಡ್ದೆ. ವಜ್ರ ಇಲ್ಲ.’

ಉಚ್ಚಂಗಮ್ಮನಿಗೆ ಮಾತು ಅರ್ಥವಾಗಲಿಲ್ಲ. ಗಂಟು ಬಿಚ್ಚಿದರು. ಬಿಚ್ಚಿ, ನೋಡಿ, ಮತ್ತೆ ಮುಚ್ಚಿದರು. ‘ಅಳು ಬರ್ಲಿಲ್ಲ, ಸಿಟ್ಟೂ ಬರ್ಲಿಲ್ಲ. ಕಿವಿಯಾಗೆ ಗುಂಯ್ ಅಂತಿತ್ತು, ಆ ಮೊದ್ಲನೇ ಗಿಟಾರು ಅಂದಂಗೆ’ ಎಂದು ಆ ಗಳಿಗೆಯನ್ನು ನೆನೆಯುತ್ತಾರೆ. ಮೈದುನ ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದರು. ಮನೆಯ ವಜ್ರ ಅಣ್ಣನಿಗೆ ಹೇಳದೆ ಊರು ಬಿಡುತ್ತಿದೆ ಎಂದುಕೊಂಡೆ ಎಂದು ತಲೆ ತಗ್ಗಿಸಿದರು. ಉಚ್ಚಂಗಮ್ಮ ಕೇಳಿದ್ದು ಒಂದೇ ಮಾತು: ‘ಲೇ ಶಿವರಾಜ, ನನ್ನ ಒಂದ್ ಮಾತು ಕೇಳಬಾರ್ದಾಗಿತ್ತಾ?’

ಕಾದು ಕಾದು ಸಾಕಾದ ಬೃಂದಾ ಅಂಗಡಿಯ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರ್‌ನಲ್ಲಿ ತಾವೇ ಬಂದಿಳಿದಾಗ ನಾಲ್ಕು ಗಂಟೆ. ಕಂಬಳಿಯ ಮೇಲೆ ಹರಡಿದ್ದ ಚೂರುಗಳನ್ನು ಕಂಡು ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತರು. ಶಿವರಾಜ್ ನಡೆದದ್ದನ್ನು ಇನ್ನೊಮ್ಮೆ ಹೇಳಿದರು. ಆಮೇಲೆ ಉಚ್ಚಂಗಮ್ಮನೇ, ‘ಅಂಗಡೀದೇ ಇಟ್ಕಳ್ರಿ ಬೃಂದಮ್ಮ. ನಿಮ್ ಕಛೇರಿ ಕೆಡಬಾರ್ದು. ನಮ್ ಹಣೆಬರ ಇಷ್ಟೇ’ ಎಂದರು. ಹೇಳುವಾಗ ಅವರಿಗೆ ಗಿಟಾರಿಗಿಂತ ಅಪ್ಪನ ನೆನಪು ಕಾಡುತ್ತಿತ್ತು. ಮೂರು ವರ್ಷದ ಕೆಲಸ ಹುಣಸೆಮರದ ಕೆಳಗೆ ಮುಗಿದುಹೋಯಿತಲ್ಲ ಎಂದು ಸಂಕಟವಾಗುತ್ತಿತ್ತು.

ಬೃಂದಾ ಕೂತು ಒಂದೊಂದೇ ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. ನೋಡನೋಡುತ್ತ ಅವರ ಮುಖ ಬದಲಾಯಿತು.

‘ಅಮ್ಮಾ, ಇಲ್ಲಿ ನೋಡಿ. ಇವರು ಎಲ್ಲಿ ಮೀಟಿದಾರೆ?’

‘ಅಂಟಿಸಿದ್ದ ಕಡೇನೇ’ ಎಂದರು ಶಿವರಾಜ್, ಕೇಳಿಸೀ ಕೇಳಿಸದ ದನಿಯಲ್ಲಿ. ‘ಹರಳು ಅಲ್ಲೇ ಇದ್ವಲ್ಲ.’

‘ಜಾಯಿಂಟ್ ಬಿಟ್ಟಿದೆಯಾ?’

ಉಚ್ಚಂಗಮ್ಮ ಬಗ್ಗಿ ನೋಡಿದರು. ಮುಖದ ಹಲಗೆ ನಾಲ್ಕು ಸೀಳಾಗಿತ್ತು. ಸೀಳಿದ್ದೆಲ್ಲ ಮರವೇ. ಪಕ್ಕಕ್ಕೆ ಕೂಡಿಸಿದ್ದ ಅಂಚಿನಲ್ಲಿ ಹಲಗೆಯ ನಾರು ಹಾಗೇ ಕಚ್ಚಿಕೊಂಡು ನಿಂತಿತ್ತು. ಒಳಗಿನ ಪಟ್ಟಿಗಳು ಮುರಿದಿದ್ದವು, ಕಿತ್ತು ಬಂದಿರಲಿಲ್ಲ. ಬೆನ್ನೂ ಪಕ್ಕಗಳೂ ಕತ್ತೂ ಒಂದನ್ನೊಂದು ಬಿಡದೆ ಕೂತಿದ್ದವು. ಸ್ಕ್ರೂಡ್ರೈವರ್ ತುದಿ ಬಾಗಿದೆ ಎಂದು ಶಿವರಾಜ್ ಜೇಬಿನಿಂದ ತೆಗೆದು ತೋರಿಸಿದರು. ಇಡೀ ಗಿಟಾರಿನಲ್ಲಿ ಒಂದೇ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ.

ಉಚ್ಚಂಗಮ್ಮ ಅಲ್ಲೇ ಕೂತುಬಿಟ್ಟರು. ಹತ್ತು ವರ್ಷ ಯಾರೂ ಎತ್ತದ ಕೊಡತಿಯನ್ನು ಈ ಶಿವರಾಜ್ ಎತ್ತಿ ಬಾರಿಸಿದ್ದರು, ಅದೂ ಜಾಕಿನ ರಾಡಿನಿಂದ.

ಬೃಂದಾ ಉಳಿದ ಬೆನ್ನನ್ನು ಗೆಣ್ಣಿನಿಂದ ತಟ್ಟಿದರು. ಟಕ್ ಎಂದು ಒಣ ಸದ್ದು ಬಂದು ತಕ್ಷಣ ಆರಿತು. ಇನ್ನೊಮ್ಮೆ ತಟ್ಟಿದರು. ಆಮೇಲೆ ಬೆನ್ನಿನಿಂದ ಅಂಗಡಿಯ ಗಿಟಾರು ಇಳಿಸಿ ಅದನ್ನೂ ತಟ್ಟಿ, ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. ‘ಇದನ್ನ ನಾಳೆ ವಾಪಸ್ ಕೊಡ್ತೀನಿ. ಇನ್ನೊಂದು ಜೊತೆ ಹಲಗೆ ನಿಮ್ಮ ಹತ್ರಾನೇ ಇದೆಯಲ್ಲ. ಕಛೇರಿಗೆ ಇಪ್ಪತ್ತಾರು ದಿನ ಇದೆ, ಆಗುತ್ತಾ?’ ಎಂದರು. ಒಡೆದ ವಾದ್ಯವನ್ನು ಯಾರಾದರೂ ಆರಿಸಿಕೊಳ್ಳುತ್ತಾರೆಂದು ಆ ಶೆಡ್ಡಿನಲ್ಲಿದ್ದ ಯಾರೂ ಊಹಿಸಿರಲಿಲ್ಲ. ಉಚ್ಚಂಗಮ್ಮ ಬಾಗಿಲ ಕಡೆ ನೋಡಿದರು. ಬೇವಿನ ಬಾಗಿಲು ಗಾಳಿಗೆ ತಾನಾಗೇ ಆಡುತ್ತಿತ್ತು. ‘ಆಗ್ತೈತೆ’ ಎಂದರು.

ಮರುದಿನ ಶಿವರಾಜ್ ಇನ್ನೊಂದು ಸಲ ಬೆರಗಾಗಬೇಕಾಯಿತು. ಮುಕ್ಕಾಲು ಗಂಟೆ ರಾಡು ಹಾಕಿದರೂ ಬಿಡದ ಅಂಚನ್ನು ಅತ್ತಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಕಾಯಿಸಿದ ತೆಳು ಚಾಕುವನ್ನು ಸುತ್ತ ಆಡಿಸಿ, ಒಂದು ಗಂಟೆಯಲ್ಲಿ ನವಿರಾಗಿ ಬಿಡಿಸಿಟ್ಟರು. ‘ಇಷ್ಟೇನಾ’ ಎಂದು ಮೈದುನ ಬಾಯಿ ಬಿಟ್ಟರು. ‘ಇಷ್ಟೇ ಕಣಪ್ಪ. ಬೆಚ್ಚಗೆ ಕೇಳಿದ್ರೆ ಬಿಡ್ತೈತೆ, ಕಿತ್ರೆ ಬಿಡಲ್ಲ’ ಎಂದು ಉಚ್ಚಂಗಮ್ಮ ನಕ್ಕರು. ಬಿಳಿ ಗಮ್ಮಿನಲ್ಲಿ ಈ ಗುಣವಿಲ್ಲ. ವಾದ್ಯ ಕೆಟ್ಟರೆ ಬಿಚ್ಚಿ ಸರಿಮಾಡಲು ಬರುವುದಿಲ್ಲ. ಅಂದಿನಿಂದ ಚರ್ಮದ ತುಣುಕು ತಂದುಕೊಡುವ ಕೆಲಸವನ್ನು ಶಿವರಾಜ್ ಯಾರೂ ಹೇಳದೆ ತಾವೇ ವಹಿಸಿಕೊಂಡಿದ್ದಾರೆ. ವಾರಕ್ಕೊಂದು ಚೀಲ, ತಪ್ಪಿಸುವುದಿಲ್ಲ.

ಇಪ್ಪತ್ಮೂರನೇ ದಿನಕ್ಕೆ ಗಿಟಾರು ತಂತಿ ಏರಿಸಿಕೊಂಡಿತು. ಕಛೇರಿಯ ಸಂಜೆ ಉಚ್ಚಂಗಮ್ಮ, ಪಾಪಣ್ಣ, ಶಿವರಾಜ್ ಮೂವರೂ ಚಿತ್ರದುರ್ಗಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ಬೃಂದಾ ಮೊದಲ ಸಲ ಹಲಗೆಯ ಮೇಲೆ ಟಕ್ ಎಂದು ಬಡಿದಾಗ ಶಿವರಾಜ್ ಕಣ್ಣು ಮುಚ್ಚಿಕೊಂಡರು. ಉಚ್ಚಂಗಮ್ಮ ಮುಚ್ಚಿಕೊಳ್ಳಲಿಲ್ಲ. ಪಾಪಣ್ಣನ ಅಭಿಪ್ರಾಯ ಬೇರೆ: ‘ಹಾಡು ನನಗೇನೂ ತಿಳೀಲಿಲ್ಲ. ನಮ್ ಕುರಿ ಇಷ್ಟು ಜನದ ಮುಂದೆ ಕುಂತಿದ್ದು ಮಾತ್ರ ಖುಷಿ ಆತು.’

ಆ ಗಿಟಾರು ಕೇಳಿದ ಮೇಲೆ ಇನ್ನಿಬ್ಬರು ಗಿಟಾರಿಗೆ ಹೇಳಿಹೋಗಿದ್ದಾರೆ. ಇಂದು ಜಾವ ಕುದಿಯುತ್ತಿರುವ ವಜ್ರ ಅವುಗಳಿಗಾಗಿಯೇ. ಒಳಗೆ ಒಂದು ಚೀಟಿ ಅಂಟಿಸಬೇಕು, ಮಾಡಿದವರ ಹೆಸರು ಇರಬೇಕು ಎಂದು ಬೃಂದಾ ಪಟ್ಟು ಹಿಡಿದಿದ್ದಾರೆ. ಉಚ್ಚಂಗಮ್ಮನಿಗೆ ಮೊದಲು ಸಂಕೋಚ. ಈಗ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಹೆಸರು ‘ಚಿಕ್ಕತಿಮ್ಮಪ್ಪನ ಮಗಳು’ ಎಂದು ಶುರುವಾಗಬೇಕು.

ಹೊರಗೆ ಬೆಳಕು ಹರಿಯುತ್ತಿದೆ. ಉಚ್ಚಂಗಮ್ಮ ಪಾಕಕ್ಕೆ ಬೆರಳದ್ದಿ ಎಳೆ ನೋಡುತ್ತಾರೆ, ಇನ್ನೂ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಗೂಡಿನಿಂದ ಆ ಹಳೆಯ ಚೂರನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ನೋಡಲು ಕೊಡುತ್ತಾರೆ. ಬೆಸುಗೆಯ ಮೇಲೆ ಅಪ್ಪನ ಉಗುರಿನ ಗೀರು ಇನ್ನೂ ಇದೆ. ಈಗಲಾದರೂ ಇದನ್ನು ಹೊಡೆದು ನೋಡಿದಿರಾ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

‘ಇಲ್ಲ. ಅವತ್ತು ಅಪ್ಪ ಕೊಡತಿ ಪಕ್ಕಕ್ಕಿಟ್ಟಾಗ, ಕೈಯಾಗೆ ಶಕ್ತಿ ಇಲ್ಲ ಅಂತ ಅಂದ್ಕಂಡೆ. ಹನ್ನೊಂದ್ ವರ್ಷ ಅಂಗೇ ಅಂದ್ಕಂಡಿದ್ದೆ’ ಎಂದು ಚೂರನ್ನು ವಾಪಸು ಇಸಿದುಕೊಳ್ಳುತ್ತಾರೆ. ‘ಈಗ ಅನ್ನುಸ್ತೈತೆ, ಉಗುರು ಎಳೆದಾಗ್ಲೇ ಅಪ್ಪಂಗೆ ಗೊತ್ತಾಗಿತ್ತು, ಹೊಡೆಯೋದು ಬ್ಯಾಡ ಅಂತ್ಲೇ ಇಟ್ಟಿದ್ದು.’